ಮಾರೂಸ್ಯಳ ಎಲೆಕೋಸಿನ ಸಾರು

೧೧-೨-೧೯೪೬, ಸೋಮವಾರ

ಬೆಳಿಗ್ಗೆ ಐದಕ್ಕೇ ಬಸ್ಸಿಗೆ ಇದ್ದಿಲು ತುಂಬಿದೆ. ಗಾಳಿಯ ಚಕ್ರ ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯಿತು. ಇದ್ದಿಲಿನ ಗ್ಯಾಸು ಎದ್ದು ಇಂಜಿನ್ನು ಓಡಲು ಮುಕ್ಕಾಲು ಗಂಟೆ. ಮಿಲಿಟರಿಯಲ್ಲಿ ಪೆಟ್ರೋಲನ್ನು ನೀರಿನ ಹಾಗೆ ಸುರಿಯುತ್ತಿದ್ದೆವು... ಇರಲಿ. ಆರೂವರೆಗೆ ಚನ್ನರಾಯಪಟ್ಟಣ ಬಿಟ್ಟೆ.

ಮುಂದಿನ ಸೀಟಿನಲ್ಲಿ ಎಂದಿನಂತೆ ಕೊಬ್ಬರಿ ವ್ಯಾಪಾರದ ಗಂಗಾಧರಯ್ಯನವರು. ಹೊಳೆನರಸೀಪುರ ಬರುವುದರೊಳಗೆ ಅವರಿಗೆ ಒಂದು ರಷ್ಯಾ ಕಥೆ ಆಗಬೇಕು. ನಾನು ರಷ್ಯಾ ಕಂಡವನೇ ಅಲ್ಲ. ಪರ್ಷಿಯಾದ ಮೆಷೆಡ್‌ವರೆಗೆ ಲಾರಿ ಓಡಿಸಿ, ಅಲ್ಲಿದ್ದ ರಷ್ಯಾ ಪಟಾಲಮ್ಮಿಗೆ ಸಾಮಾನು ಒಪ್ಪಿಸಿ ಬರುತ್ತಿದ್ದವನು. ಎಷ್ಟು ಹೇಳಿದರೂ ಅಷ್ಟೇ. ಇಡೀ ಲೈನಿಗೆ ನಾನು ‘ರಷ್ಯಾ ದೇವರಾಜು’.

ಇವತ್ತು ಟೀ ಕಥೆ. ರಷ್ಯಾದವರೂ ‘ಚಾಯ್’ ಅಂತಲೇ ಅನ್ನುತ್ತಾರೆ. ಹಾಲಿಲ್ಲ. ಸಕ್ಕರೆ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹೀರುವುದು. ಬೆಲ್ಲ ಕಚ್ಚಿಕೊಂಡು ನೋಡುತ್ತೇನೆ ಅಂದರು ಗಂಗಾಧರಯ್ಯನವರು.

೧೨-೨, ಮಂಗಳವಾರ

ನೋಡಿದರಂತೆ. ನಾಲಿಗೆ ಸುಟ್ಟುಕೊಂಡಿದ್ದಾರೆ. ಬಹಳ ಚೆನ್ನಾಗಿತ್ತಂತೆ.

ಇವತ್ತು ಊಟದ ವಿಷಯ. ರಷ್ಯಾದವರ ಕಪ್ಪು ರೊಟ್ಟಿಗೆ ಹುಳಿ ಬಂದ ಅಂಬಲಿಯ ವಾಸನೆ. ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಟ್ಟು ತಿನ್ನುತ್ತಾರೆ. ಹೊಸಬರು ಬಂದರೆ ಮೊದಲು ರೊಟ್ಟಿ, ಉಪ್ಪು. ಆಮೇಲೆ ಎಲ್ಲ. ಪಟಾಲಮ್ಮಿನ ಅಡುಗೆಯವಳು ಮಾರೂಸ್ಯ, ನಮ್ಮವ್ವನ ವಯಸ್ಸು. ಅವಳ ಎಲೆಕೋಸಿನ ಸಾರಿನ ಬಗ್ಗೆಯೂ ಹೇಳಿಬಿಟ್ಟೆ. ಮಾಂಸ ಹಾಕುತ್ತಿದ್ದಳೇ ಅಂದರು. ಹೌದು ಅಂದೆ. ಯಾವುದು ಅಂತ ಅವರು ಕೇಳಲಿಲ್ಲ. ಹಿಂದಿನ ಸೀಟಿನವರೆಲ್ಲ ಕಿವಿಗೊಟ್ಟು ಕೂತಿದ್ದರು.

೨೬-೨, ಮಂಗಳವಾರ

ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಅರಕಲಗೂಡಿನ ರಾಮಣ್ಣನವರ ಮಗಳು ಮಲ್ಲಿಗಮ್ಮ. ಭಾನುವಾರ ಹೆಣ್ಣು ನೋಡಲು ಹೋಗುವುದೆಂದು ನಿಶ್ಚಯವಾಗಿದೆ. ಅಷ್ಟರಲ್ಲಿ ಅಲ್ಲಿಗೆ ಸುದ್ದಿ ಮುಟ್ಟಿದೆ — ಹುಡುಗ ರಷ್ಯಾದವರ ಜೊತೆ ಕೂತು ದನ ತಿಂದವನಂತೆ.

ಅವ್ವ ಒಲೆ ಮುಂದೆ ಕೂತು ಹೇಳಿಕೊಟ್ಟಿತು. “ಕೇಳುದ್ರೆ ಬರೀ ಸೊಪ್ಪು ತಿಂದೆ ಅನ್ಲಾ. ಅಷ್ಟ್ ದೂರುಕ್ಕೆ ಯಾರ್ ಓಗ್ ನೋಡ್ಕ ಬಂದಾರು.”

ಹೂಂ ಅಂದೆ.

೩-೩, ಭಾನುವಾರ, ಸಂಜೆ

ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ನಾನು, ಅವ್ವ, ಇಬ್ಬರೇ ಹೋದದ್ದು. ಆ ಮನೆಯ ಪದ್ಧತಿ — ನೋಡಲು ಬಂದವರಿಗೆ ಕಾಫಿ ಮಾತ್ರ. ಒಪ್ಪಿದರೆ ಊಟಕ್ಕೆ ಎಲೆ ಹಾಕುತ್ತಾರೆ. ಇಲ್ಲದಿದ್ದರೆ ಹೋಗಿಬನ್ನಿ. ಮಲ್ಲಿಗಮ್ಮ ಲೋಟ ಇಟ್ಟು ಹೋದಳು. ನಾನು ನೋಡಿದ್ದು ಪಾದ ಮಾತ್ರ. ರಾಮಣ್ಣನವರು ಮಳೆ ಬೆಳೆ ಮಾತಾಡಿದರು. ಆ ಮನೆಯಲ್ಲಿ ಯಜಮಾನಿಕೆ ಅವರ ತಾಯಿಯದು. ಅಜ್ಜಿ ನೇರವಾಗಿ ಕೇಳಿತು, ಅಲ್ಲಿ ಏನು ಉಂಡೆ ಅಂತ.

ಸೊಪ್ಪು ಅನ್ನಬೇಕು. ಬಾಯಿ ಬರಲಿಲ್ಲ.

ಹೇಳಿದೆ. ಮೊದಲ ಸಲ ಯಾವ ಮಾಂಸ ಅಂತ ಕೈಸನ್ನೆಯಲ್ಲಿ ಕೇಳಿದ್ದೆ. ಮಾರೂಸ್ಯ ಎರಡು ಕೈ ಕಿವಿಗಿಟ್ಟುಕೊಂಡು ಕುರಿ ಅರಚಿದ ಹಾಗೆ ಅರಚಿ ತೋರಿಸಿದಳು. ಡೇರೆಯೆಲ್ಲ ನಕ್ಕಿತು. (ಇಲ್ಲಿ ಬಾಗಿಲ ಹಿಂದೆಯೂ ಯಾರೋ ನಕ್ಕರು.) ಎರಡನೆಯ ಸಲ, ಹಿಮದಲ್ಲಿ ಲಾರಿ ಹೂತು ಎರಡು ದಿನ ಉಪವಾಸ. ಮೂರನೆಯ ದಿನ ತಲುಪಿದಾಗ ಚಮಚ ಹಿಡಿಯಲು ಬೆರಳು ಬಗ್ಗುತ್ತಿರಲಿಲ್ಲ. ಅವಳೇ ಊದಿ ಊದಿ ಬಾಯಿಗೆ ಹಾಕಿದಳು.

“ಅವತ್ತು ಕೇಳ್ನಿಲ್ಲ ಕಣಜ್ಜಿ. ಏನಿತ್ತೋ ಗೊತ್ತಿಲ್ಲ. ಉಂಡೆ.”

ಅವ್ವ ಸೆರಗು ಬಾಯಿಗಿಟ್ಟುಕೊಂಡಿತು. ರಾಮಣ್ಣನವರು ನೆಲ ನೋಡುತ್ತಿದ್ದರು.

“ಆ ಯಮ್ಮ ನೀ ಯಾವ್ ಜಾತಿ ಅಂತ ಕೇಳುದ್ಲಾ?” ಅಂದಿತು ಅಜ್ಜಿ.

“ಇಲ್ಲ ಕಣಜ್ಜಿ. ಇನ್ನೊಸಿ ಆಕ್ಲಾ ಅಂತ ಕೇಳ್ತು.”

ಅಜ್ಜಿ ಎದ್ದು ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಐದು ನಿಮಿಷ. ಹತ್ತು. ಅರ್ಧ ಗಂಟೆ. ಎದ್ದು ಹೋಗೋಣ ಅಂತ ಅವ್ವ ಕಣ್ಣಲ್ಲೇ ಅಂದಿತು. ನಾನು ಚಪ್ಪಲಿ ಎಲ್ಲಿ ಬಿಟ್ಟೆ ಅಂತ ನೋಡುತ್ತಿದ್ದೆ...

ಬಾಗಿಲು ತೆರೆಯಿತು. ಅಜ್ಜಿಯ ಕಂಕುಳಲ್ಲಿ ಎಲೆಗಳ ಕಟ್ಟು.

“ಕೈ ತೊಳ್ಕಳ್ರಪ್ಪ.”

ಮುದ್ದೆ, ಕೋಳಿಸಾರು. ಅಜ್ಜಿ ಎದುರಿಗೇ ಕೂತು ಬಡಿಸಿತು. ಮೂರು ಮುದ್ದೆ ಉಂಡೆ. ಅವ್ವ ಉಂಡದ್ದೆಷ್ಟು ಅಂತ ಬರೆಯುವುದಿಲ್ಲ.

೨೧-೫, ಮಂಗಳವಾರ, ಮಧ್ಯಾಹ್ನ

ಎರಡೂವರೆ ತಿಂಗಳು ಬರೆದೇ ಇಲ್ಲ. ಮದುವೆ ಓಡಾಟ. ಮಲ್ಲಿಗಮ್ಮ ಮನೆಗೆ ಬಂದು ಒಂಬತ್ತು ದಿನ. ಮೊದಲೆರಡು ದಿನ ಮಾತಿಲ್ಲ. ಈಗ ನಿಲ್ಲಿಸುವುದಿಲ್ಲ. ಬಸ್ಸು ರಿಪೇರಿಯಲ್ಲಿದೆ, ನಾನೂ ಕೇಳುತ್ತಾ ಕೂತಿದ್ದೇನೆ.

ನಿಜ ಹೇಳಿ ಅಜ್ಜಿಯ ಮನಸ್ಸು ಕರಗಿಸಿಬಿಟ್ಟೆ ಅಂತ ಇವತ್ತು ಸ್ವಲ್ಪ ಜಂಬ ಕೊಚ್ಚಿಕೊಂಡೆ. ಕಡಲೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತದೆ ಅಂದಳು:

“ನೀವು ಬಸ್ ಇಳಿಯಕ್ ಮುಂಚೇನೇ ಕೋಳಿ ಕುಯ್ಸಿತ್ತು ಕಣ್ರಿ ಅಜ್ಜಿ. ಅಂವ ನಿಜ ಏಳುದ್ರೆ ಅವ್ನ್ಗಿಕ್ಕಮ, ಸುಳ್ಳೇಳುದ್ರೆ ನಾವೇ ಉಣ್ಣಮ ಅಂದಿತ್ತು.”

ಅಂದರೆ ನಾವು ಕಾಫಿ ಕುಡಿಯುವಾಗಲೇ ಸಾರು ಕುದಿಯುತ್ತಿತ್ತು. ವಾಸನೆಯೂ ತಿಳಿಯಲಿಲ್ಲವಲ್ಲ ನನಗೆ, ಅಷ್ಟು ಭಯ.

ಮತ್ತೆ ಆ ಅರ್ಧ ಗಂಟೆ ನಮ್ಮನ್ನು ಯಾಕೆ ಕಾಯಿಸಿತು? ಕೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಮೊರ ಪಕ್ಕಕ್ಕಿಟ್ಟಳು. ಅಜ್ಜಿ ಒಳಗೆ ಬಂದು ಬಾಗಿಲು ಹಾಕಿಕೊಂಡದ್ದೇ, ಹೆಂಗಸರನ್ನೆಲ್ಲ ಒಲೆ ಹತ್ತಿರ ಕರೆದು, ಮಾರೂಸ್ಯಳ ಹಾಗೆ ಎರಡು ಕೈ ಕಿವಿಗಿಟ್ಟುಕೊಂಡು ಕುರಿ ಅರಚಿ ತೋರಿಸಿತಂತೆ; ಸೆರಗು ಬಾಯಿಗಿಟ್ಟುಕೊಂಡು ನಕ್ಕವರ ನಗು ನಿಲ್ಲಲು ಅರ್ಧ ಗಂಟೆ ಬೇಕಾಯಿತಂತೆ.