ಹೆಬ್ಬೆರಳು ಉಳಿಸುವ ಗ್ಲೌಸ್

ಶಿರಸಿ, ಜೂನ್ ೧೪, ಶನಿವಾರ

ಹೆಬ್ಬೆರಳು ಇನ್ನೊಮ್ಮೆ ಮುರಿದರೆ ಕತ್ತಿವರಸೆ ಬಂದ್ ಎಂದಿದ್ದಾರೆ ಡಾಕ್ಟರು. ಅಡಿಕೆ ಸುಲಿದ ಅಭ್ಯಾಸ. ಹೆಬ್ಬೆರಳು ತಾನಾಗಿಯೇ ಕತ್ತಿಯ ಹಿಡಿಯಿಂದ ಮುಂದೆ ಚಾಚಿಕೊಳ್ಳುತ್ತದೆ. ಕಳೆದ ಸಲ ಕ್ರಿಕೆಟ್ ಗ್ಲೌಸ್ ನಂಬಿ ಕೆಟ್ಟಿದ್ದೆ.

ಇಂದು ಪಾರ್ಸೆಲ್‌ನಲ್ಲಿ ಕತ್ತಿವರಸೆಯದೇ ಗ್ಲೌಸ್ ಎರಡು ಜೊತೆ ಬಂದವು. ದಪ್ಪನೆಯದನ್ನು ತೊಟ್ಟರೆ ಕತ್ತಿ ತಿರುಗಿಸಲೇ ಆಗಲಿಲ್ಲ. ಹೆಬ್ಬೆರಳಿಗೆ ಗಟ್ಟಿ ಚಿಪ್ಪಿರುವ ಇನ್ನೊಂದನ್ನು ತೊಟ್ಟು, ಅಣ್ಣನ ಮಗಳು ಅಭಿಜ್ಞಾಳ ಮುಂದೆ ಕೈ ಚಾಚಿದೆ. ಮರದ ಕತ್ತಿಯಿಂದ ಮೆಲ್ಲಗೆ ತಟ್ಟಿದಳು.

"ನೋವಾತ ಅತ್ತೆ?"

"ಇಲ್ಲೆ. ಎಂತ ಕೂಸೆ, ಸೊಳ್ಳೆ ಹೊಡಿತ್ಯ? ಜೋರಾಗಿ ಹೊಡಿ!"

ಹೊಡೆದಳು. ಏನೂ ಆಗಲಿಲ್ಲ! ಇದೇ ಸೈ.

೧೯೮೨ರಲ್ಲಿ, ಹೆಣ್ಣುಮಕ್ಕಳಿಗೆ ಕತ್ತಿ ಯಾಕೆಂದು ವ್ಯಾಯಾಮಶಾಲೆಯ ಬಾಗಿಲಿಂದಲೇ ನನ್ನನ್ನು ಅಟ್ಟಿದವರ ಮುಖ ಮರೆತಿಲ್ಲ. ಬನವಾಸಿಯ ಶೌರ್ಯದ ಬಗ್ಗೆ ಭಾಷಣ ಬಿಗಿಯುತ್ತಿದ್ದವರೂ ಅವರೇ.

ನಾಳೆ ಪೂರ್ತಿ ಜೋರಿನ ಕತ್ತಿಯಾಟ. ಗ್ಲೌಸ್ ಬಿಚ್ಚಲು ಮನಸ್ಸಿಲ್ಲದೆ ತೊಟ್ಟುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.