ಅಧ್ಯಕ್ಷರು ಉದುರಿಸಿದ ಪುಡಿ

ಚಳ್ಳಕೆರೆ
ಗುರುವಾರ

ರೇಷ್ಮೆ ನೇಕಾರರ ಸಂಘದ ಅಧ್ಯಕ್ಷರಾದ ಚೌಡೇಶ್ ಅವರಿಗೆ,

ಕಳೆದ ತಿಂಗಳು ಮೊಳಕಾಲ್ಮೂರಿನ ರೇಷ್ಮೆ ಬಣ್ಣದ ಮನೆಗೆ ಬೆಂಕಿ ಬಿದ್ದಾಗ ನೀವು ಮಾಡಿದ ಸೇವೆಗೆ ನಮ್ಮ ವಾರ್ಡಿನಿಂದ ಪ್ರಶಂಸಾ ಪತ್ರ ಬೇಕೆಂದು ಬರೆದಿದ್ದೀರಿ. ಆ ಸೇವೆಯನ್ನು ಗಾಯದಿಂದ ತೊಳೆದು ತೆಗೆದ ನರ್ಸ್ ನಾನೇ ಆದ್ದರಿಂದ ಉತ್ತರಿಸುತ್ತಿದ್ದೇನೆ.

ಸುಟ್ಟ ಆರು ಜನರಿಗೂ ಆಂಟಿಬಯೋಟಿಕ್ ಮಾತ್ರೆಯನ್ನು ತಲಾ ಎರಡರಂತೆ ಪ್ರಸಾದದ ಹಾಗೆ ಹಂಚಿದಿರಿ. ಅಲ್ಲಿ ನೂಲಿಗೆ ಬಣ್ಣ ಹಾಕುವ ಚಿತ್ತಮ್ಮನ ಬಲಗೈ ಮೇಲಂತೂ ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸಿ, ಫೋಟೊ ತೆಗೆಯುವವರೆಗೂ ಆ ಕೈಯನ್ನು ಹಾಗೇ ಹಿಡಿದಿದ್ದಿರಿ. ಪಕ್ಕದಲ್ಲೇ ನಲ್ಲಿ ಇತ್ತು. ಸುಟ್ಟ ಕೈಗೆ ಮೊದಲು ಬೇಕಾದದ್ದು ಆ ತಣ್ಣೀರು, ಆಮೇಲೆ ಒಗೆದ ಬಟ್ಟೆ. ಆಂಟಿಬಯೋಟಿಕ್ ಏನಿದ್ದರೂ ಸೋಂಕು ಕಂಡ ಮೇಲಿನ ಮಾತು. ಯಾವುದು, ಎಷ್ಟು ದಿನ ಎಂದು ಹೇಳುವವರು ಡಾಕ್ಟರು, ಅಧ್ಯಕ್ಷರಲ್ಲ. ನಲ್ಲಿ ತಿರುಗಿಸುವ ಫೋಟೊ ಚೆನ್ನಾಗಿ ಬರುವುದಿಲ್ಲ, ನನಗೂ ಗೊತ್ತು.

ಮದ್ದು ಬಿದ್ದಿದೆಯಲ್ಲ ಎಂದು ನಂಬಿ ಚಿತ್ತಮ್ಮ ಮೂರು ದಿನ ಮನೆಯಲ್ಲೇ ಉಳಿದಳು. ಗಟ್ಟಿಯಾಗಿದ್ದ ಪುಡಿಯನ್ನು ನಾನು ನೆನೆಸಿ ತೆಗೆಯುವಾಗ ಹಲ್ಲು ಕಚ್ಚಿಕೊಂಡು, “ಹೆಣಕ್ಕೆ ವಿಭೂತಿ ಹಾಕ್ದಂಗೆ ಹಾಕಿದ್ರಮ್ಮ. ನಾನಿನ್ನೂ ಸತ್ತಿರ್ಲಿಲ್ಲ,” ಎಂದಳು. ಕೆಳಗೆಲ್ಲ ಕೀವು. ಮೊನ್ನೆ ನಾಲ್ಕು ಬೆರಳು ತೆಗೆದರು.

ಇನ್ನೊಮ್ಮೆ ಎಲ್ಲಾದರೂ ಬೆಂಕಿ ಬಿದ್ದರೆ ದಯವಿಟ್ಟು ನಿಮ್ಮ ಕಾರು ಕಳಿಸಿ. ನೀವು ಬರಬೇಡಿ.

ಪತ್ರದಲ್ಲಿ ರೋಗಿಯ ಸಹಿಯೂ ಇರಲಿ ಎಂದಿದ್ದೀರಿ. ಆ ಕೈಯಲ್ಲಿ ಹೆಬ್ಬೆಟ್ಟೊಂದು ಉಳಿದಿದೆ. ಅಧ್ಯಕ್ಷರ ಪತ್ರಕ್ಕೆ ಒತ್ತುತ್ತೀಯಾ ಎಂದು ಕೇಳಿದೆ. ಚಿತ್ತಮ್ಮ ಅದನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ದಿವ್ಯಶ್ರೀ
ಸ್ಟಾಫ್ ನರ್ಸ್, ಸುಟ್ಟಗಾಯದ ವಾರ್ಡು