ಕಮಲಾಪುರದ ಬೂದಿಯ ಕರಾರು

ಕಲಬುರಗಿ, ರೋಜಾ ರಸ್ತೆ
೯ ಖುರ್ದಾದ, ೧೩೩೮ ಫಸಲಿ

ಚಿ. ಸೌ. ವಿಮಲಾಬಾಯಿಗೆ ಅಪ್ಪ ಮಾಡುವ ಆಶೀರ್ವಾದ.

ಮಗಳೇ, ನಿನ್ನ ಕೆಮ್ಮು ನಿಂತಿತೇ? ಹುಮನಾಬಾದಿನ ನೀರು ನಿನಗೆ ಒಗ್ಗುವುದಿಲ್ಲವೆಂದು ನಿನ್ನ ಅವ್ವ ಮದುವೆಗೆ ಮೊದಲೇ ಹೇಳಿದ್ದಳು. ಕಾಸಿ ಆರಿಸಿ ಕುಡಿ. ಅತ್ತೆಯವರ ಮೊಣಕಾಲು ಹೇಗಿದೆ? ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಾನು ಆರಾಮಿದ್ದೇನೆ. ಬಿಸಿಲಿಗೆ ಮಧ್ಯಾಹ್ನ ಕೋಟೆಯ ಕಡೆ ನಾಯಿ ಕೂಡ ಸುಳಿಯುವುದಿಲ್ಲ. ರೊಟ್ಟಿ ನಾನೇ ಬಡಿಯುತ್ತೇನೆ. ಉಳಿದದ್ದನ್ನು ಎಮ್ಮೆಗೆ ಹಾಕಿದರೆ ಅದೂ ಒಮ್ಮೆ ನನ್ನ ಮುಖ ನೋಡಿಯೇ ಬಾಯಿ ಹಾಕುತ್ತದೆ.

ಸಂಕ್ರಾಂತಿಗೆ ಬಂದಾಗ ಅವ್ವನ ಅಜೀರ್ಣದ ಚೂರ್ಣದ ಗುಟ್ಟನ್ನು ನನಗೆ ಹೇಳಿ, ಒಂದು ಡಬ್ಬಿ ತುಂಬ ಮಾಡಿಟ್ಟೂ ಹೋದೆಯಲ್ಲ, ಆ ಉಪಕಾರವನ್ನು ದಿನಾ ನೆನೆಯುತ್ತೇನೆ. ಅಷ್ಟು ವರ್ಷ ಸಂಸಾರ ಮಾಡಿದವಳು ಕಣ್ಣು ಮುಚ್ಚುವ ಮೊದಲು ಗುಟ್ಟನ್ನು ನಿನಗೆ ಹೇಳಿದಳು, ನನಗೆ ಹೇಳಲಿಲ್ಲ. ಸರಿಯಾಗಿಯೇ ಮಾಡಿದಳು, ನನ್ನ ಬಾಯಿಯನ್ನು ಅವಳಷ್ಟು ಬಲ್ಲವರಿಲ್ಲ. ಆ ಚೂರ್ಣದಿಂದ ನಿನ್ನ ಮದುವೆಯಾಯಿತು, ನನ್ನ ಒಲೆ ಇಂದಿಗೂ ಉರಿಯುತ್ತಿದೆ. ದರ್ಗಾದ ಉರುಸಿಗೆ ಬಂದವರು ಗಡದ್ದಾಗಿ ಉಂಡು, ಹೊಟ್ಟೆ ಹಿಡಿದುಕೊಂಡು ಇವತ್ತಿಗೂ ಅವಳ ಹೆಸರು ಹಿಡಿದು ಶಿವಕಾಂತಮ್ಮನ ಅಂಗಡಿ ಎಲ್ಲಿ ಎಂದೇ ಕೇಳುತ್ತಾರೆ. ನನ್ನ ಹೆಸರು ಹಿಡಿದು ಅಣವೀರಪ್ಪನ ಅಂಗಡಿ ಎಂದು ಯಾರೂ ಕೇಳುವುದಿಲ್ಲ.

ಕಮಲಾಪುರದ ದೌಲಪ್ಪ ನೆನಪಿದ್ದಾನಲ್ಲ, ಕೆಂಪು ಬಾಳೆಯ ತೋಟದವನು. ಬಾಳೆದಿಂಡು ಒಣಗಿಸಿ ಸುಟ್ಟು ಅವನು ಬೂದಿ ಕೊಡುತ್ತಿದ್ದ. ಅವ್ವ ಅದನ್ನು ಮನೆಯಲ್ಲಿ ನೀರಿಗೆ ಕದಡಿ, ಸೋಸಿ, ಕುದಿಸಿ ಬಿಳಿ ಉಪ್ಪು ತೆಗೆಯುತ್ತಿದ್ದಳು. ಏತಕ್ಕೆಂದು ಅವನಿಗೆ ಹೇಳಿರಲಿಲ್ಲ. ಪಾತ್ರೆ ತಿಕ್ಕಲು ಒಯ್ಯುತ್ತಾರೆಂದೇ ಅವನು ತಿಳಿದಿದ್ದ. ಅಂಗಡಿ ನೋಡಿಕೊಂಡು ಆ ಕೆಲಸ ನನ್ನೊಬ್ಬನಿಂದ ಆಗದು. ಉಪ್ಪನ್ನು ಕಮಲಾಪುರದಲ್ಲೇ ತೆಗೆಸಬೇಕೆಂದರೆ ದೌಲಪ್ಪನಿಗೂ ಅವನ ಹೆಂಡತಿ ಶಂಕ್ರಮ್ಮನಿಗೂ ರೀತಿ ಕಲಿಸಬೇಕು. ಕಲಿತ ಮೇಲೆ ಅವರು ಬೇರೆ ಯಾರಿಗೂ ಮಾಡಿಕೊಡಬಾರದು, ಹೇಳಬಾರದು. ಇದಕ್ಕೆ ಇಂಗ್ಲಿಷಿನಲ್ಲಿ ಅಗ್ರಿಮೆಂಟ್ ಆಫ್ ಕಾನ್ಫಿಡೆನ್ಸ್ ಎನ್ನುತ್ತಾರೆ, ಇಲ್ಲವೆ ಕಾನ್ಫಿಡೆನ್ಸ್ ಆಫ್ ಅಗ್ರಿಮೆಂಟ್. ಹೈದರಾಬಾದಿನ ಕಾಲೇಜು ಬಿಟ್ಟು ಬಹಳ ದಿನವಾಯಿತು. ನಾವು ಕರಾರು ಎನ್ನೋಣ.

ಮುಂದೆ ಯಾರೂ ‘ಇದು ಗುಟ್ಟಿನಲ್ಲಿ ಸೇರಿರಲಿಲ್ಲ’ ಎನ್ನಬಾರದೆಂದು ಚೂರ್ಣದ ಇಡೀ ರೀತಿಯನ್ನು ಕರಾರಿನಲ್ಲಿ ಬರೆದೆ. ನೀನು ಹೇಳಿದಾಗ ಗೀಚಿಕೊಂಡಿದ್ದ ಚೀಟಿ ನೋಡಿ, ಕಚೇರಿಯ ಭಾಷೆಯಾದ ಉರ್ದುವಿನಲ್ಲಿ, ನಾನೇ ಬರೆದೆ. ಚೀಟಿಯನ್ನು ಜಾಣನಂತೆ ಒಲೆಗೆ ಹಾಕಿದೆ. ಆದರೆ ದೌಲಪ್ಪ ಹೆಬ್ಬೆಟ್ಟಿನವನು. ಹೆಬ್ಬೆಟ್ಟು ಒತ್ತುವವನಿಗೆ ಕಾಗದವನ್ನು ಸಾಕ್ಷಿಯ ಎದುರು ಗಟ್ಟಿಯಾಗಿ ಓದಿ ತಿಳಿಸುವುದು ಕಚೇರಿಯ ರೂಢಿ. ಅದು ನನಗೆ ಹೊಳೆಯಲೇ ಇಲ್ಲ. ಸಾಕ್ಷಿಗೆ ಉರ್ದು ಬಲ್ಲ ಮರ್ಯಾದಸ್ಥ ಬೇಕೆಂದು ಕಚೇರಿಯವರು ಹೇಳಿದರು. ಯಾರನ್ನು ಕರೆದೊಯ್ದೆ ಗೊತ್ತೇ? ದರ್ಗಾದ ಬಾಗಿಲಲ್ಲಿ ತಾನೂ ಹಾಜ್ಮೆಯ ಪುಡಿ ಎಂದು ಅಜೀರ್ಣದ ಪುಡಿಯನ್ನೇ ಮಾರುವ ಸಿಕಂದರ್‌ನನ್ನು!

ಕಚೇರಿ ಮುಂದಿನ ಬೇವಿನ ಮರದ ಕೆಳಗೆ, ಜನರ ಕಾಗದಪತ್ರ ಬರೆದು ಓದಿಕೊಡುವ ಶಬ್ಬೀರ್ ಮುನ್ಷಿ ಓದತೊಡಗಿದ. ಅವನ ಗಂಟಲು ರೈಲ್ವೆ ಸ್ಟೇಷನ್ನಿನವರೆಗೆ ಕೇಳುತ್ತದೆ. ಒಂದೊಂದು ಸಾಲನ್ನೂ ಉರ್ದುವಿನಲ್ಲಿ ಓದಿ, ಮತ್ತೆ ಕನ್ನಡದಲ್ಲಿ ಬಿಡಿಸಿ ಹೇಳಿದ: ಓಮ ಇಷ್ಟು, ಅಳಲೆಕಾಯಿ ಇಷ್ಟು, ಬಾಳೆಯ ಬೂದಿ ಹೀಗೆ. ಖಟ್ಲೆಯ ವಾಯಿದೆಗೆ ಬಂದವರು, ಚಹಾ ಮಾರುವ ಮಾಪಣ್ಣ, ಎಲ್ಲರೂ ಪುರಾಣ ಕೇಳುವಂತೆ ಹತ್ತಿರ ಸರಿದು ಕೂತರು. ನಾನು ಮುನ್ಷಿಯ ತೋಳು ಜಗ್ಗಿದರೆ, ಕೇಳಿಸುತ್ತಿಲ್ಲವೆಂದುಕೊಂಡು ಅವನು ಇನ್ನೂ ಗಟ್ಟಿಯಾಗಿ ಓದಿದ. ಕೊನೆಯ ಸಾಲಿಗೆ ಬರುವಾಗ ದೌಲಪ್ಪನೇ ಎದ್ದು ಕಾಗದದ ಮೇಲೆ ಅಂಗೈ ಇಟ್ಟುಬಿಟ್ಟ. “ಮುನ್ಷಿಜೀ, ಗುಟ್ಟು ಅಂತೀರಿ, ಡಂಗುರಾ ಸಾರಾಕತ್ತೀರಿ! ಸಾಕ್ ಮಾಡ್ರಿ. ಕೇಳಲಾರದೇ ಹೆಬ್ಬೆಟ್ಟು ಒತ್ತತೀನಿ. ಶಿವಕಾಂತಕ್ಕನ ಮನಿ ಕಾಗದ ಅದ, ನನಗ ಭರೋಸ ಅದ.”

ನಿನ್ನ ಅವ್ವನ ಆಯುಷ್ಯದ ಗಳಿಕೆಯನ್ನು, ನಿನಗೆ ಸೇರಬೇಕಾದದ್ದನ್ನು, ಒಂದು ಮಧ್ಯಾಹ್ನ ಬೀದಿಗೆ ಚೆಲ್ಲಿದೆನಲ್ಲ ಎಂದು ಕಣ್ಣಿಗೆ ಕತ್ತಲೆ ಬಂತು. ಸಿಕಂದರ್ ಬಿದ್ದು ಬಿದ್ದು ನಕ್ಕ. “ಅಣವೀರಪ್ಪ ಭಾಯಿ, ಕಾಲೇಜಿನಾಗ ಇದನ್ನ ಕಲಿಸ್ಯಾರೇನ್ರಿ? ಕಳ್ಳನ್ನ ಕರದು ಕೀಲಿ ತೋರ್ಸೂದು?” ನಗು ನಿಂತ ಮೇಲೆ ಹೇಳಿದ: “ಇದನ್ನ ಬಿಡ್ರಿ, ಹೊಸಾದು ಬರೀರಿ. ಅದರಾಗ ನನ್ನ ಹೆಸರೂ ಹಾಕ್ರಿ. ನಾ ಮಾಡಂಗಿಲ್ಲ, ಹೇಳಂಗಿಲ್ಲ. ನನ್ನ ಹೆಂಡತಿ ಖುರ್ಷೀದ್ ಬೇಗಂ ಬಾಣಂತಿ ಇದ್ದಾಗ ಶಿವಕಾಂತಮ್ಮ ಭಾಬೀ ದಿನಾ ಚೂರ್ಣ ಕಳಿಸ್ಯಾರ. ಆ ಋಣ ಅಂಗಡ್ಯಾಗಿಟ್ಟು ಮಾರಲೇನು?” ಅಷ್ಟರಲ್ಲಿ ಮಾಪಣ್ಣ, “ನಂದೂ ಒತ್ತಸ್ರಿ, ನಾನೂ ಕೇಳೀನಿ” ಎಂದ. ಆಮೇಲೆ ಕೇಳಿದವರೆಲ್ಲ ಸಾಲುಗಟ್ಟಿದರು. ಮುನ್ಷಿಯ ಶಾಯಿ ತೀರಿತು. ಮನೆಗೆ ಬಂದು ಅವ್ವನ ಪಟದ ಮುಂದೆ ದೀಪ ಹಚ್ಚಿದೆ, ಮಗಳೇ. ಎಂಥ ಜನದ ನಡುವೆ ನನ್ನನ್ನು ಬಿಟ್ಟು ಹೋಗಿದ್ದಾಳೆ!

ಹೊಸ ಕರಾರಿನಲ್ಲಿ ಸಾಮಾನಿನ ಹೆಸರೇ ಇಲ್ಲ. ಕೇಳಿದ್ದನ್ನು ಹೊರಗೆ ಆಡುವುದಿಲ್ಲ, ಕಾಗದಕ್ಕೆ ಇಳಿಸುವುದಿಲ್ಲ, ಬೇರೆಯವರಿಗೆ ಮಾಡಿಕೊಡುವುದಿಲ್ಲ, ಅಷ್ಟೇ. ಚೂರ್ಣದ ಒಡತಿ ಎಂದು ನಿನ್ನ ಹೆಸರು ಬರೆಸಿದ್ದೇನೆ. ನಾನೂ ಉಳಿದವರೊಡನೆ ಸಹಿ ಹಾಕಿದ್ದೇನೆ. ಹಳೆಯದನ್ನು ದೌಲಪ್ಪ ಕಮಲಾಪುರಕ್ಕೆ ಒಯ್ದು ಬಾಳೆದಿಂಡಿನ ಬೆಂಕಿಗೇ ಹಾಕಿದನಂತೆ. ಆ ಬೂದಿಯಿಂದಲೇ ಮೊದಲ ಉಪ್ಪು ತೆಗೆದು ಕಳಿಸಿದ್ದಾನೆ, ಅವ್ವ ತೆಗೆದಷ್ಟೇ ಬಿಳುಪು. “ಈ ಸಲ ಉಪ್ಪಿನಾಗ ಉರ್ದುನೂ ಬೆರಸೀನಿ” ಎಂದು ಹೇಳಿಕಳಿಸಿದ್ದಾನೆ, ಕಿಡಿಗೇಡಿ.

ಬೀಗರಿಗೆ ಶರಣಾರ್ಥಿ. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಅಣವೀರಪ್ಪ

ತಾ.ಕ. ಈ ಕಾಗದ ಒಯ್ಯುವ ಮೋಟಾರಿನವನು ಹೊರಗೆ ಹಾರ್ನು ಹೊಡೆಯುತ್ತಿದ್ದಾನೆ, ಮುಖ್ಯ ಮಾತೇ ಉಳಿಯಿತು. ನೀನು ಮಾಡಿಟ್ಟ ಡಬ್ಬಿ ತಳ ಕಂಡಿತು, ಉರುಸು ಹತ್ತಿರ ಬಂತು. ಮುನ್ಷಿ ಓದದೆ ಉಳಿದ ಆ ಕೊನೆಯ ಸಾಲು, ಎಲ್ಲ ಬೆರೆಸಿದ ಮೇಲೆ ಮಾಡುವ ಆ ಒಂದು ಕೆಲಸ, ಎಷ್ಟು ತಲೆ ಕೆರೆದುಕೊಂಡರೂ ನನಗೆ ನೆನಪಾಗುತ್ತಿಲ್ಲ. ಚೀಟಿ ಸುಟ್ಟೆ, ಕಾಗದವೂ ಸುಟ್ಟಿತು. ಈಗ ಅದು ನಿನ್ನೊಬ್ಬಳಿಗೇ ಗೊತ್ತು. ಟಪಾಲಿನಲ್ಲಿ ಬರೆಯಬೇಡ, ಕರಾರು ಮುರಿಯುತ್ತದೆ. ಅತ್ತೆಯವರನ್ನು ಕೇಳಿಕೊಂಡು ನೀನೇ ಬಾ, ಕಿವಿಯಲ್ಲಿ ಹೇಳು. ಎಡಗಿವಿಯಲ್ಲಿ, ಬಲಗಿವಿ ಈಗ ಮಂದವಾಗಿದೆ, ಅದರಲ್ಲಾದರೆ ಗಟ್ಟಿಯಾಗಿ ಹೇಳಬೇಕಾಗುತ್ತದೆ.